ಮಕ್ಕಳ ಕಾಲರ್ ಶರ್ಟ್ ಹೊಲಿಯೋಣ: ಕಾಲರ್ ಬಟ್ಟೆಗೆ ಕೊನೆಗೆ ಕತ್ತರಿ ಹಾಕಿ

"ಲಂಗ ಹೊಲಿತೀನಿ, ಫ್ರಾಕ್ ಹೊಲಿತೀನಿ, ಬ್ಲೌಸೂ ಒಂದು ಮಟ್ಟಿಗೆ ಬರುತ್ತೆ, ಆದ್ರೆ ಮಗನಿಗೆ ಒಂದು ಕಾಲರ್ ಶರ್ಟ್ ಹೊಲಿಯೋಕೆ ಧೈರ್ಯ ಸಾಲ್ತಿಲ್ಲ." ಈ ಮಾತನ್ನು ನನಗೆ ಎಷ್ಟೋ ಜನ ಬರೆದಿದ್ದೀರಿ. ಒಬ್ಬೊಬ್ಬರಿಗೂ ತುಂಡು ತುಂಡಾಗಿ ಉತ್ತರ ಕೊಡುವ ಬದಲು ಈ ಸಲ ಮೊದಲಿಂದ ಕೊನೆಯವರೆಗೆ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಾಲರ್ ಹಾಳಾಗುವುದು ಹೆಚ್ಚಾಗಿ ಬಟ್ಟೆ ಕತ್ತರಿಸುವಾಗಲೇ. ಮುಂಭಾಗ, ಬೆನ್ನು, ತೋಳು, ಕಾಲರ್ ಎಲ್ಲವನ್ನೂ ಒಂದೇ ಏಟಿಗೆ ಕತ್ತರಿಸಿ ಇಟ್ಟುಕೊಳ್ಳುತ್ತೇವೆ. ಆಮೇಲೆ ಭುಜ ಹೊಲಿಯುವಾಗ ಕತ್ತು ಒಂದು ಚೂರು ಆಚೆ ಈಚೆ ಆಗುತ್ತದೆ. ಕಾಲರ್ ಮಾತ್ರ ಹಳೆಯ ಅಳತೆಯಲ್ಲೇ ಇರುತ್ತದೆ. ಅರ್ಧ ಇಂಚು ಉಳಿಯುತ್ತದೆ, ಇಲ್ಲ ಸಾಲುವುದಿಲ್ಲ. ಎಳೆದು ಹೊಲಿದರೆ ಸುಕ್ಕು. ನನ್ನ ಮೊದಲ ಎರಡು ಶರ್ಟ್ ಹೀಗೇ ಕೆಟ್ಟವು. ಕಾಲರ್ ಬಟ್ಟೆಯನ್ನು ಹಾಗೇ ಪಕ್ಕಕ್ಕೆ ಇಟ್ಟು, ಕತ್ತು ತಯಾರಾದ ಮೇಲೆ ಅದನ್ನೇ ಅಳೆದು ಕತ್ತರಿಸಲು ಶುರು ಮಾಡಿದ ಮೇಲೆ ಈ ತೊಂದರೆ ಬರಲಿಲ್ಲ.

ಇಲ್ಲಿ ಹೇಳುವುದು ಐದಾರು ವರ್ಷದ ಮಗುವಿನ ಅರ್ಧ ತೋಳಿನ ಶರ್ಟು. ಮೊದಲ ಶರ್ಟಿಗೆ ಬೆನ್ನಿನ ಮೇಲೆ ಬರುವ ಯೋಕ್ ಬೇಡ, ಪೂರ್ತಿ ತೋಳೂ ಬೇಡ. ಕಾಲರ್ ಒಂದು ಕೈಗೆ ಹತ್ತಿದರೆ ಉಳಿದದ್ದು ಮುಂದಿನ ಶರ್ಟಿಗೆ ಬರುತ್ತದೆ.

ಏನೇನು ಬೇಕು

ಬಟ್ಟೆ: ಕಾಟನ್ ಪಾಪ್ಲಿನ್. ತೆಳುವಾಗಿಯೂ ಇರುತ್ತದೆ, ಗಟ್ಟಿಯಾಗಿಯೂ ಇರುತ್ತದೆ, ಇಸ್ತ್ರಿ ಹಾಕಿದ ಮಡಿಕೆ ಹಾಗೇ ಕೂರುತ್ತದೆ. 44 ಇಂಚು ಪನ್ನ, ಅಂದರೆ ಬಟ್ಟೆಯ ಅಗಲ 44 ಇಂಚು ಇದ್ದರೆ 1 ಮೀಟರ್ ಧಾರಾಳವಾಗಿ ಸಾಕು. 36 ಇಂಚು ಪನ್ನ ಆದರೆ ಒಂದೂಕಾಲು ಮೀಟರ್ ತನ್ನಿ. ಜಾರುವ ಬಟ್ಟೆ ಬೇಡವೇ ಬೇಡ. ಚೌಕುಳಿ ಬಟ್ಟೆಯೂ ಸದ್ಯಕ್ಕೆ ಬೇಡ, ಯಾಕೆಂದರೆ ಎದೆಯ ಮೇಲೆ ಎಡ ಬಲದ ಗೆರೆ ಕೂಡದಿದ್ದರೆ ಹತ್ತು ಅಡಿ ದೂರದಿಂದಲೇ ಕಾಣುತ್ತದೆ. ಸಣ್ಣ ಹೂವಿನ ಪ್ರಿಂಟ್ ಅಥವಾ ಒಂದೇ ಬಣ್ಣದ್ದು ಒಳ್ಳೆಯದು.

ಕ್ಯಾನ್ವಾಸ್: ಕಾಲರ್ ಒಳಗೆ ಇಡುವ ಗಟ್ಟಿ ಬಟ್ಟೆ. ಒಂದು ಮಗ್ಗುಲಲ್ಲಿ ಅಂಟು ಇರುತ್ತದೆ, ಇಸ್ತ್ರಿಯ ಬಿಸಿಗೆ ಹಿಡಿದುಕೊಳ್ಳುತ್ತದೆ. ಅಂಗಡಿಯಲ್ಲಿ "ಫ್ಯೂಸಿಂಗ್ ಕೊಡಿ, ತೆಳುವಾದದ್ದು, ಮಕ್ಕಳ ಶರ್ಟಿಗೆ" ಅಂತ ಕೇಳಿ. ಅಷ್ಟು ಹೇಳದಿದ್ದರೆ ದೊಡ್ಡವರ ಶರ್ಟಿನ ದಪ್ಪ ಕ್ಯಾನ್ವಾಸ್ ಕೊಟ್ಟುಬಿಡುತ್ತಾರೆ. ಅದನ್ನು ಹಾಕಿದರೆ ಮಗುವಿನ ಕತ್ತಿಗೆ ಚುಚ್ಚುತ್ತದೆ, ಎರಡನೇ ದಿನ ಆ ಶರ್ಟು ಬೀರು ಸೇರುತ್ತದೆ.

ಉಳಿದಂತೆ ಅರ್ಧ ಇಂಚಿಗಿಂತ ಸ್ವಲ್ಪ ಚಿಕ್ಕ ಗುಂಡಿ 6, ಕಳೆದುಹೋದರೆ ಇರಲಿ ಅಂತ ಇನ್ನೊಂದು. ಬಟ್ಟೆಯ ಬಣ್ಣದ್ದೇ ದಾರ, 14ನೇ ನಂಬರಿನ ಹೊಸ ಸೂಜಿ, ಟೇಪು, ಚಾಕ್, ಗುಂಡುಸೂಜಿ, ಹಳೆಯ ಪೇಪರ್, ಚೂಪಾದ ಕತ್ತರಿ. ಮೆಷಿನ್ ನೇರ ಹೊಲಿಗೆ ಹಾಕಿದರೆ ಸಾಕು, ಕಾಲಲ್ಲಿ ತುಳಿಯುವುದಾದರೂ ಸರಿ, ಮೋಟಾರಿನದಾದರೂ ಸರಿ. ಇಸ್ತ್ರಿಪೆಟ್ಟಿಗೆ ಮಾತ್ರ ಪಕ್ಕದಲ್ಲೇ ಇರಬೇಕು. ಕಾಲರ್ ಕೆಲಸದಲ್ಲಿ ಅರ್ಧ ಪಾಲು ಇಸ್ತ್ರಿಯದ್ದೇ.

ಎಲ್ಲಿ ಸಿಗುತ್ತದೆ ಅಂತಲೂ ಕೇಳಿದ್ದೀರಿ. ಬೆಂಗಳೂರಿನಲ್ಲಾದರೆ ಬಟ್ಟೆಗೆ ಚಿಕ್ಕಪೇಟೆ. ಗುಂಡಿ, ದಾರ, ಕ್ಯಾನ್ವಾಸಿಗೆ ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ ಅಥವಾ ಮಾಮೂಲ್‌ಪೇಟೆ. ಹಸಿರು ಮಾರ್ಗದ ಮೆಟ್ರೋದಲ್ಲಿ ಚಿಕ್ಕಪೇಟೆ ನಿಲ್ದಾಣದಲ್ಲೇ ಇಳಿಯಬಹುದು, ಗಾಡಿ ತೆಗೆದುಕೊಂಡು ಹೋಗಿ ಪಾರ್ಕಿಂಗ್ ಹುಡುಕಬೇಡಿ. ಒಂದೇ ಶರ್ಟಿಗಾದರೆ ಅಷ್ಟು ದೂರವೂ ಬೇಡ. ನಿಮ್ಮ ಬಡಾವಣೆಯ ಮ್ಯಾಚಿಂಗ್ ಸೆಂಟರಿನಲ್ಲಿ ಎಲ್ಲವೂ ಸಿಗುತ್ತದೆ.

ಹಂತ 1: ಬಟ್ಟೆ ನೆನೆಸಿ

ಕಾಟನ್ ಒಗೆದ ಮೇಲೆ ಕುಗ್ಗುತ್ತದೆ. ರಾತ್ರಿ ತಣ್ಣೀರಲ್ಲಿ ನೆನೆಸಿಡಿ, ಬೆಳಗ್ಗೆ ಹಿಂಡದೆ ನೆರಳಲ್ಲಿ ಹರಡಿ, ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ ಮಾಡಿ. ಈ ಹಂತ ಬಿಟ್ಟರೆ ಹೊಲಿಗೆ ಎಷ್ಟೇ ಚೆನ್ನಾಗಿದ್ದರೂ ಮೊದಲ ಒಗೆತಕ್ಕೇ ಕಾಲರ್ ಮೇಲೆ ಗುಳ್ಳೆ ಬರುತ್ತದೆ. ಬಟ್ಟೆ ಕುಗ್ಗುತ್ತದೆ, ಕ್ಯಾನ್ವಾಸ್ ಅಷ್ಟು ಕುಗ್ಗುವುದಿಲ್ಲ, ಅದಕ್ಕೆ.

ಹಂತ 2: ಅಳತೆ

ಓಡಾಡುವ ಮಗುವನ್ನು ಹಿಡಿದು ನಿಲ್ಲಿಸಿ ಅಳೆಯುವುದು ಕಷ್ಟ ಅಲ್ವಾ. ಚೆನ್ನಾಗಿ ಕೂರುವ ಒಂದು ಶರ್ಟನ್ನು ನೆಲದ ಮೇಲೆ ಹರಡಿ ಉದ್ದ, ಭುಜ, ತೋಳು ಅಳೆದುಕೊಳ್ಳಿ. ಎದೆ ಮತ್ತು ಕತ್ತು ಮಾತ್ರ ಮಗುವಿನ ಮೈಮೇಲೇ ಅಳೆಯಿರಿ. ಕತ್ತು ಅಳೆಯುವಾಗ ಟೇಪಿನ ಒಳಗೆ ನಿಮ್ಮ ಒಂದು ಬೆರಳು ಇರಲಿ.

ನಾನು ಉದಾಹರಣೆಗೆ ಇಟ್ಟುಕೊಂಡ ಅಳತೆ ಹೀಗಿದೆ: ಉದ್ದ 18 ಇಂಚು, ಎದೆ 24, ಭುಜ 10½, ಬೆರಳು ಸೇರಿಸಿ ಕತ್ತು 11½, ತೋಳಿನ ಉದ್ದ 6, ತೋಳಿನ ಬಾಯಿ 10. ನಿಮ್ಮ ಮಗುವಿನ ಅಳತೆ ಬೇರೆ ಇದ್ದರೆ ಲೆಕ್ಕ ಇದೇ, ಅಂಕಿ ನಿಮ್ಮದು.

ಹಂತ 3: ಪೇಪರ್ ಮೇಲೆ ಗೆರೆ

ಪೇಪರ್ ಮೇಲೆ ಮುಂಭಾಗದ ಅರ್ಧವನ್ನು ಮಾತ್ರ ಬರೆಯಬೇಕು. ಎಡಗಡೆ ಉದ್ದಕ್ಕೆ ಒಂದು ಗೆರೆ ಎಳೆಯಿರಿ, ಅದೇ ಎದೆಯ ನಡುಗೆರೆ. ಗುಂಡಿ ಬರುವುದು ಇದರ ಮೇಲೇ. ಮೇಲ್ಗಡೆ ಅಡ್ಡ ಗೆರೆ.

ಎದೆಯ ಅಳತೆಗೆ 6 ಇಂಚು ಸಡಿಲ ಸೇರಿಸಿ ನಾಲ್ಕರಿಂದ ಭಾಗಿಸಿ. 24ಕ್ಕೆ 6 ಸೇರಿದರೆ 30, ನಾಲ್ಕನೇ ಒಂದು ಭಾಗ 7½. ಮೇಲಿನ ಗೆರೆಯಿಂದ 6 ಇಂಚು ಕೆಳಗೆ ಎದೆಯ ಗೆರೆ ಎಳೆದು ಅಲ್ಲಿ 7½ ಗುರುತು ಮಾಡಿ. ಭುಜದ ಅರ್ಧ 5¼, ಅದರ ತುದಿ ಮೇಲಿನ ಗೆರೆಯಿಂದ 1 ಇಂಚು ಇಳಿಯಬೇಕು. ಕತ್ತಿನ ಅಗಲಕ್ಕೆ ಕತ್ತಿನ ಅಳತೆಯ ಆರನೇ ಒಂದು ಭಾಗ, ಅಂದರೆ ಹೆಚ್ಚುಕಡಿಮೆ 2 ಇಂಚು. ಮುಂದಿನ ಕತ್ತಿನ ಇಳಿತ ಅದಕ್ಕಿಂತ ಅರ್ಧ ಇಂಚು ಜಾಸ್ತಿ, 2½. ಬೆನ್ನಿನ ಕತ್ತಿನ ಇಳಿತ ಬರೀ ಅರ್ಧ ಇಂಚು. ಭುಜದ ತುದಿಯಿಂದ ಎದೆಯ ಗೆರೆಯ 7½ರ ಗುರುತಿಗೆ ತೋಳು ಕೂರುವ ಬಾಗು ಎಳೆಯಿರಿ, ಅದೇ ಆರ್ಮ್‌ಹೋಲ್. ಮುಂದಿನ ಬಾಗು ಬೆನ್ನಿನದಕ್ಕಿಂತ ಕಾಲಿಂಚು ಒಳಗೆ ಹೋಗಲಿ, ಮಗು ಕೈ ಮುಂದೆ ಚಾಚಿದಾಗ ಬಟ್ಟೆ ಅಲ್ಲಿ ಗುಂಪಾಗುವುದಿಲ್ಲ.

ಈಗ ನಡುಗೆರೆಯ ಆಚೆಗೆ ¾ ಇಂಚು ಬಿಡಿ, ಅದರಾಚೆ ಮಡಿಸಲು ಇನ್ನೂ 2 ಇಂಚು. ಇದು ಗುಂಡಿಪಟ್ಟಿ. ಮೊದಲು ಅರ್ಧ ಇಂಚು, ಆಮೇಲೆ ಒಂದೂವರೆ ಇಂಚು ಮಡಿಸಿದರೆ ಪಟ್ಟಿಯ ಸರಿಯಾಗಿ ಮಧ್ಯಕ್ಕೆ ನಡುಗೆರೆ ಬರುತ್ತದೆ. ಪೇಪರ್‌ನಲ್ಲಿ ಈ ಪಟ್ಟಿಯನ್ನು ಮಡಿಸಿ ಹಿಡಿದೇ ಕತ್ತು ಕತ್ತರಿಸಿ. ಬಿಚ್ಚಿ ಕತ್ತರಿಸಿದರೆ ಆಮೇಲೆ ಮಡಿಸಿದಾಗ ಪಟ್ಟಿಯ ಮೇಲಿನ ತುದಿ ಕತ್ತಿನ ಬಾಗಿಗೆ ಹೊಂದುವುದಿಲ್ಲ.

ಇಲ್ಲಿವರೆಗೆ ಎಳೆದದ್ದೆಲ್ಲ ಹೊಲಿಗೆಯ ಗೆರೆ. ಹೊಲಿಗೆಗೆ ಬಿಡುವ ಬಟ್ಟೆ, ಅಂದರೆ ಮಾರ್ಜಿನ್, ಇದರ ಹೊರಗೆ ಬರಬೇಕು. ಭುಜ ಮತ್ತು ಆರ್ಮ್‌ಹೋಲಿಗೆ ಅರ್ಧ ಇಂಚು, ಪಕ್ಕಕ್ಕೆ ¾, ಕೆಳಗೆ ಒಂದೂವರೆ. ಬೆಳೆಯುವ ಮಗು, ಬರುವ ವರ್ಷ ಬಿಚ್ಚಿ ದೊಡ್ಡದು ಮಾಡಲು ಒಳಗೆ ಬಟ್ಟೆ ಇರಲಿ. ಕತ್ತಿಗೆ ಮಾತ್ರ ಕಾಲಿಂಚು, ಅದೂ ಕತ್ತಿನ ಒಳಮುಖಕ್ಕೆ, ಅಂದರೆ ಕತ್ತರಿಸಿದಾಗ ತೂತು ಚಿಕ್ಕದಾಗಿ ಕಾಣುವ ಹಾಗೆ. ತುಂಬಾ ಜನ ತಪ್ಪುವುದು ಇಲ್ಲೇ. ಗೆರೆಯ ಮೇಲೇ ಕತ್ತರಿಸಿ, ಆಮೇಲೆ ಕಾಲಿಂಚು ಬಿಟ್ಟು ಹೊಲಿದರೆ ಕತ್ತಿನ ಸುತ್ತು ಸುಮಾರು ಒಂದೂವರೆ ಇಂಚು ದೊಡ್ಡದಾಗುತ್ತದೆ. ಐದು ವರ್ಷದ ಮಗುವಿಗೆ ಅದು ಅಪ್ಪನ ಶರ್ಟಿನ ಹಾಗೆ ಜೋಲುತ್ತದೆ.

ಬೆನ್ನಿಗೂ ಇದೇ ಲೆಕ್ಕ, ಗುಂಡಿಪಟ್ಟಿ ಮಾತ್ರ ಇಲ್ಲ. ನಡುಗೆರೆಯನ್ನು ಬಟ್ಟೆಯ ಮಡಿಕೆಯ ಮೇಲೆ ಇಡಬೇಕು.

ತೋಳಿಗೆ ಮೊದಲು ಪೇಪರ್‌ನ ಮುಂಭಾಗ, ಬೆನ್ನು ಎರಡರ ಆರ್ಮ್‌ಹೋಲ್ ಗೆರೆಯನ್ನೂ ಟೇಪನ್ನು ಅಂಚಿನ ಮೇಲೆ ನಿಲ್ಲಿಸಿ ಅಳೆಯಿರಿ. ಎರಡನ್ನೂ ಕೂಡಿಸಿ ಅರ್ಧ ಮಾಡಿ, ನನ್ನ ಅಳತೆಗೆ ಸುಮಾರು 6 ಇಂಚು ಬಂತು. ತೋಳಿನ ತುದಿಯಿಂದ 2½ ಇಂಚು ಕೆಳಗೆ ಅಡ್ಡ ಗೆರೆ ಎಳೆದು, ತುದಿಯಿಂದ ಆ ಗೆರೆಗೆ ಮುಟ್ಟುವಂತೆ ಎರಡೂ ಕಡೆಗೆ ಓರೆಯಾಗಿ ಅಷ್ಟೇ ಉದ್ದ ಇಡಿ. ಓರೆ ಗೆರೆಯನ್ನು ಮೇಲರ್ಧದಲ್ಲಿ ಸ್ವಲ್ಪ ಉಬ್ಬಿಸಿ, ಕೆಳಗೆ ಸ್ವಲ್ಪ ತಗ್ಗಿಸಿ. ಕೆಳಗೆ ತೋಳಿನ ಬಾಯಿ 10 ಇಂಚು. ಮಾರ್ಜಿನ್ ಮೇಲೆ ಹೇಳಿದಷ್ಟೇ, ಬಾಯಿಗೆ 1 ಇಂಚು.

ಹಂತ 4: ಕತ್ತರಿಸುವುದು

ಹಾಸು, ಅಂದರೆ ಬಟ್ಟೆಯ ಉದ್ದಕ್ಕೆ ಓಡುವ ನೂಲು, ಮಗುವಿನ ಎತ್ತರದ ದಿಕ್ಕಿಗೇ ಬರಬೇಕು. ನೇಯ್ಗೆಯ ಅಂಚು ನೋಡಿದರೆ ದಿಕ್ಕು ಗೊತ್ತಾಗುತ್ತದೆ. ಬಟ್ಟೆ ಉಳಿಸೋಣ ಅಂತ ಓರೆಯಾಗಿ ಇಟ್ಟರೆ ನಾಲ್ಕು ಒಗೆತದಲ್ಲಿ ಶರ್ಟು ತಿರುಚಿಕೊಳ್ಳುತ್ತದೆ.

44 ಇಂಚನ್ನು ಎರಡು ಮಡಿಕೆ ಮಾಡಿ. ಬೆನ್ನು ಮಡಿಕೆಯ ಕಡೆ, ಮುಂಭಾಗ ಅಂಚಿನ ಕಡೆ, ತೋಳು ಅವುಗಳ ಕೆಳಗೆ. ಉಳಿದ ಬಟ್ಟೆಯಲ್ಲಿ ಕಾಲರ್ ಬರುತ್ತದೆ, ಅದನ್ನು ಮುಟ್ಟಬೇಡಿ. ಸುರುಳಿ ಸುತ್ತಿ ಎತ್ತಿಡಿ.

ಇನ್ನೂ ಅಳುಕು ಇದ್ದರೆ ಒಮ್ಮೆ ಹಳೆಯ ಪಂಚೆಯಲ್ಲೋ ಹಾಸಿಗೆ ಹೊದಿಕೆಯಲ್ಲೋ ಕತ್ತರಿಸಿ ಹೊಲಿದು ನೋಡಿ. ಅದರಲ್ಲಿ ಕತ್ತು ಸರಿಬಂದರೆ ಹೊಸ ಬಟ್ಟೆಗೆ ಧೈರ್ಯವಾಗಿ ಕತ್ತರಿ ಹಾಕಬಹುದು.

ಹಂತ 5: ಗುಂಡಿಪಟ್ಟಿ, ಜೇಬು, ಭುಜ

ಗುಂಡಿಪಟ್ಟಿ ಮಡಿಸಿ, ಇಸ್ತ್ರಿ ಮಾಡಿ, ಹೊಲಿಯಿರಿ. ಜೇಬು ಬೇಕಾದರೆ ಈಗಲೇ ಹಾಕಿ, ಬಟ್ಟೆ ಇನ್ನೂ ಚಪ್ಪಟೆ ಇರುವಾಗ ಸುಲಭ. ಆಮೇಲೆ ಎರಡೂ ಭುಜ ಕೂಡಿಸಿ.

ಮುಂದಿನ ಕೆಲಸ ಚಿಕ್ಕದು, ಆದರೆ ಬಿಡುವಂತಿಲ್ಲ. ಕತ್ತಿನ ಅಂಚಿನಿಂದ ಕಾಲಿಂಚಿಗಿಂತ ಒಂದು ಕೂದಲೆಳೆ ಕಡಿಮೆ ದೂರದಲ್ಲಿ ಸುತ್ತಲೂ ಒಂದೇ ಪದರದ ಮೇಲೆ ಸುಮ್ನೆ ಒಂದು ಹೊಲಿಗೆ ಹಾಕಿ. ಬಾಗಾಗಿ ಕತ್ತರಿಸಿದ ಬಟ್ಟೆ ಕೈ ತಾಗಿದಷ್ಟೂ ಹಿಗ್ಗುತ್ತದೆ, ಈ ಹೊಲಿಗೆ ಅದನ್ನು ಹಿಡಿದಿಡುತ್ತದೆ.

ಹಂತ 6: ಈಗ ಕಾಲರ್ ಅಳೆದು ಕತ್ತರಿಸಿ

ಕತ್ತಿನ ಸುತ್ತ ಹಾಕಿದ ಆ ಹೊಲಿಗೆಯ ಮೇಲೆ ಟೇಪನ್ನು ನಿಲ್ಲಿಸಿಕೊಂಡು, ಒಂದು ಗುಂಡಿಪಟ್ಟಿಯ ತುದಿಯಿಂದ ಇನ್ನೊಂದರ ತುದಿಯವರೆಗೆ ಅಳೆಯಿರಿ. ನಮ್ಮ ಲೆಕ್ಕಕ್ಕೆ 13 ಇಂಚು ಬರಬೇಕು: ಕತ್ತಿನ 11½ ಮತ್ತು ಎರಡು ಕಡೆ ¾. ನಿಮಗೆ 13¼ ಬಂದರೆ ಹೆದರಬೇಡಿ, 13¼ಕ್ಕೇ ಕಾಲರ್ ಕತ್ತರಿಸಿ. ಕಾಯುತ್ತಾ ಕೂತದ್ದು ಇದಕ್ಕೇ.

ಕಾಲರ್‌ನಲ್ಲಿ ಎರಡು ಭಾಗ. ಕತ್ತಿಗೆ ಅಂಟಿಕೊಂಡು ನಿಲ್ಲುವ ಪಟ್ಟಿ ಒಂದು, ಅದರ ಮೇಲಿಂದ ಮಡಿಸಿ ಬೀಳುವ ಎಲೆ ಇನ್ನೊಂದು. ಪಟ್ಟಿ 13 ಇಂಚು ಉದ್ದ, ಹಿಂದೆ 1 ಇಂಚು ಎತ್ತರ, ಮುಂದೆ ¾ಕ್ಕೆ ಇಳಿದು ತುದಿ ಗುಂಡಗಾಗುತ್ತದೆ. ಎರಡೂ ತುದಿ ಅರ್ಧ ಇಂಚು ಮೇಲಕ್ಕೆ ಬಾಗಿರಲಿ, ನೇರ ಪಟ್ಟಿ ಕತ್ತಿಗೆ ಕೂರುವುದಿಲ್ಲ. ಎಲೆ 11½ ಉದ್ದ, ಹಿಂದೆ 1½ ಎತ್ತರ, ಮುಂದಿನ ಮೂಲೆ 2 ಇಂಚು. ಎಲೆಯ ಎತ್ತರ ಪಟ್ಟಿಗಿಂತ ಜಾಸ್ತಿಯೇ ಇರಬೇಕು, ಇಲ್ಲದಿದ್ದರೆ ಹಿಂದೆ ಕತ್ತಿನ ಹೊಲಿಗೆ ಕಾಣುತ್ತದೆ. ಎರಡನ್ನೂ ಎರಡೆರಡು ಕತ್ತರಿಸಿ, ಸುತ್ತ ಕಾಲಿಂಚು ಮಾರ್ಜಿನ್.

ಕ್ಯಾನ್ವಾಸನ್ನು ಮಾರ್ಜಿನ್ ಇಲ್ಲದೆ ಕತ್ತರಿಸಿ, ಒಂದು ಎಲೆಗೆ ಮತ್ತು ಒಂದು ಪಟ್ಟಿಗೆ ಮಾತ್ರ ಅಂಟಿಸಿ. ಇಸ್ತ್ರಿಯನ್ನು ಉಜ್ಜಬೇಡಿ. ಒತ್ತಿ ಹಿಡಿಯಿರಿ, ಎತ್ತಿ, ಪಕ್ಕದಲ್ಲಿ ಒತ್ತಿ. ಪೂರ್ತಿ ತಣ್ಣಗಾಗುವವರೆಗೆ ಕೈಯಲ್ಲಿ ಎತ್ತಬೇಡಿ.

ಹಂತ 7: ಎಲೆಯ ಮೂಲೆ

ಎರಡೂ ಎಲೆಗಳ ಸೀದಾ ಮಗ್ಗುಲನ್ನು ಮುಖಾಮುಖಿ ಇಡಿ. ಕ್ಯಾನ್ವಾಸ್ ಇಲ್ಲದ ಎಲೆಯನ್ನು ಎರಡು ಮಿಲಿಮೀಟರ್ ಚಿಕ್ಕದು ಮಾಡಿಕೊಂಡರೆ ಮಡಿಸಿದ ಮೇಲೆ ಕೆಳಗಿನ ಬಟ್ಟೆ ಹೊರಗೆ ಇಣುಕುವುದಿಲ್ಲ.

ಮೂಲೆ ಚೂಪಾಗಿ ಬರಲು ಒಂದು ಉಪಾಯ. ಮೊದಲು ಉದ್ದದ ಅಂಚು ಹೊಲಿಯುತ್ತಾ ಮೂಲೆಗೆ ಬನ್ನಿ. ಸೂಜಿ ಬಟ್ಟೆಯೊಳಗೇ ಇರಲಿ, ಮೆಷಿನ್ನಿನ ಪಾದ ಎತ್ತಿ. ಒಂದು ಗೇಣು ಉದ್ದದ ದಾರವನ್ನು ಎರಡು ಎಳೆ ಮಾಡಿ, ಅದರ ಮಡಿಕೆಯನ್ನು ಸೂಜಿಗೆ ಸಿಕ್ಕಿಸಿ, ಎರಡೂ ತುದಿಯನ್ನು ಎರಡು ಬಟ್ಟೆಯ ನಡುವೆ ಒಳಮುಖವಾಗಿ ಮಲಗಿಸಿ. ಮೂಲೆಗೆ ಅಡ್ಡಲಾಗಿ ಒಂದೇ ಒಂದು ಹೊಲಿಗೆ ಹಾಕಿ, ಬಟ್ಟೆ ತಿರುಗಿಸಿ ಪಕ್ಕದ ಅಂಚು ಹೊಲಿಯಿರಿ. ಆ ದಾರ ಹೊಲಿಗೆಗೆ ಸಿಗದ ಹಾಗೆ ನೋಡಿಕೊಳ್ಳಿ. ಇನ್ನೊಂದು ಮೂಲೆಗೂ ಹೀಗೇ. ಮೂಲೆಯ ಹೆಚ್ಚಿನ ಬಟ್ಟೆ ಕತ್ತರಿಸಿ, ಎಲೆ ಮಗುಚುವಾಗ ಆ ದಾರದ ಎರಡೂ ತುದಿ ಹಿಡಿದು ಮೆಲ್ಲಗೆ ಎಳೆಯಿರಿ. ಮೂಲೆ ತಾನಾಗಿ ಹೊರಗೆ ಬರುತ್ತದೆ. ದಾರದ ಒಂದೇ ತುದಿ ಎಳೆದರೆ ಅದು ಜಾರಿ ಕೈಗೆ ಬರುತ್ತದೆ. ಕತ್ತರಿಯ ತುದಿಯಿಂದ ಮಾತ್ರ ಮೂಲೆ ತಳ್ಳಬೇಡಿ, ಬಟ್ಟೆ ತೂತಾದರೆ ಇನ್ನೊಂದು ಎಲೆ ಕತ್ತರಿಸಬೇಕು.

ಇಸ್ತ್ರಿ ಮಾಡಿ, ಅಂಚಿನಿಂದ ಕಾಲಿಂಚು ಬಿಟ್ಟು ಮೇಲುಹೊಲಿಗೆ ಹಾಕಿ. ಎರಡೂ ಮೂಲೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿ. ಒಂದು ಉದ್ದ ಒಂದು ಗಿಡ್ಡ ಇದ್ದರೆ ಈಗಲೇ ಬಿಚ್ಚಿ. ಮುಖದ ಕೆಳಗೇ ಇರುವ ಜಾಗ, ಯಾರ ಕಣ್ಣೂ ತಪ್ಪುವುದಿಲ್ಲ.

ಹಂತ 8: ಪಟ್ಟಿ ಕೂಡಿಸಿ ಕತ್ತಿಗೆ ಹಾಕುವುದು

ಕ್ಯಾನ್ವಾಸ್ ಇರುವ ಪಟ್ಟಿಯ ಕೆಳಗಿನ ಮಾರ್ಜಿನ್ನನ್ನು ಒಳಗೆ ಮಡಿಸಿ ಇಸ್ತ್ರಿ ಮಾಡಿ. ಇದು ಹೊರಗಿನ ಪಟ್ಟಿ. ಈಗ ಎಲೆಯನ್ನು ಎರಡು ಪಟ್ಟಿಗಳ ನಡುವೆ ಇಡಿ, ಎಲೆಯ ಎರಡೂ ಕಡೆ ಪಟ್ಟಿ ¾ ಇಂಚು ಹೊರಗಿರಬೇಕು. ಹೊರಗೆ ಕಾಣುವ ಎಲೆ, ಅಂದರೆ ಕ್ಯಾನ್ವಾಸ್ ಇರುವ ಎಲೆ, ಒಳಪಟ್ಟಿಯ ಕಡೆಗೆ ಮುಖ ಮಾಡಿರಬೇಕು. ಉಲ್ಟಾ ಅನ್ನಿಸುತ್ತದೆ, ಆದರೆ ಕಾಲರ್ ಮಡಿಸಿದಾಗ ಅದೇ ಮೇಲೆ ಬರುವುದು. ಗುಂಡುಸೂಜಿ ಹಾಕಿ, ಒಮ್ಮೆ ಮಗುಚಿ ನೋಡಿ, ಆಮೇಲೆ ಮೆಷಿನ್ನಿಗೆ ಇಡಿ. ಹೊಲಿದು, ಗುಂಡು ತುದಿಯ ಮಾರ್ಜಿನ್ ಸಣ್ಣ ಮಾಡಿ, ಮಗುಚಿ, ಇಸ್ತ್ರಿ ಮಾಡಿ.

ಕತ್ತಿಗೆ ಕೂಡಿಸುವ ಮೊದಲು ಕತ್ತಿನ ಅಂಚಿಗೆ ಅರ್ಧರ್ಧ ಇಂಚಿಗೆ ಒಂದರಂತೆ ಸಣ್ಣ ಕಚ್ಚು ಹಾಕಿ, ಹೊಲಿಗೆಯನ್ನು ಮುಟ್ಟದ ಹಾಗೆ. ಕಚ್ಚು ಹಾಕಿದರೆ ಬಾಗಿದ ಅಂಚು ಬಿಡಿಸಿಕೊಂಡು ಪಟ್ಟಿಯ ಉದ್ದಕ್ಕೆ ಸಮ ಕೂರುತ್ತದೆ.

ಒಳಪಟ್ಟಿಯ ಸೀದಾ ಮಗ್ಗುಲನ್ನು ಶರ್ಟಿನ ಉಲ್ಟಾ ಮಗ್ಗುಲಿಗೆ ಇಡಿ. ಪಟ್ಟಿಯ ನಡು ಬೆನ್ನಿನ ನಡುವಿಗೆ ಬರಲಿ. ಅಲ್ಲಿಂದ ಎರಡೂ ಕಡೆಗೆ ಗುಂಡುಸೂಜಿ ಹಾಕುತ್ತಾ ಬನ್ನಿ, ಒಂದು ತುದಿಯಿಂದ ಶುರು ಮಾಡಬೇಡಿ. ಮೊದಲ ಸಲ ಕೈಯಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿಕೊಳ್ಳಿ, ಹತ್ತು ನಿಮಿಷದ ಕೆಲಸ, ಒಂದು ಗಂಟೆ ಬಿಚ್ಚುವುದು ತಪ್ಪುತ್ತದೆ. ಗುಂಡಿಪಟ್ಟಿಯ ತುದಿ ಕಾಲರ್ ಪಟ್ಟಿಯ ತುದಿಗೆ ಸರಿಯಾಗಿ ಮುಟ್ಟಬೇಕು. ಅಲ್ಲಿ ಮೆಟ್ಟಿಲಿನ ಹಾಗೆ ಗುಂಡಿಪಟ್ಟಿ ಹೊರಗೆ ಚಾಚಿಕೊಂಡರೆ ಪೂರ್ತಿ ಬಿಚ್ಚುವುದು ಬೇಡ, ತುದಿಯ ಎರಡು ಇಂಚು ಬಿಚ್ಚಿ ಗುಂಡಿಪಟ್ಟಿಯನ್ನು ಒಳಕ್ಕೆ ಎಳೆದು ಮತ್ತೆ ಹೊಲಿಯಿರಿ.

ಆಮೇಲೆ ಮಾರ್ಜಿನ್ನನ್ನೆಲ್ಲ ಪಟ್ಟಿಯೊಳಕ್ಕೆ ತಳ್ಳಿ, ಹೊರಪಟ್ಟಿಯ ಮಡಿಸಿದ ಅಂಚಿನಿಂದ ಹೊಲಿಗೆ ಮುಚ್ಚಿ, ಹೊರಗಿನಿಂದ ಅಂಚಿಗೆ ಹತ್ತಿರ ಮೇಲುಹೊಲಿಗೆ ಹಾಕಿ. ನಿಧಾನ. ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಅಕ್ಕಂದಿರು ನಿಮ್ಮ ಮನೆ ಹತ್ತಿರ ಇದ್ದರೆ ಈ ಒಂದು ಹಂತವನ್ನು ಅವರ ಪಕ್ಕ ಕೂತು ನೋಡಿ. ಪೀಣ್ಯದ ಕಡೆಯ ಫ್ಯಾಕ್ಟರಿಗಳಲ್ಲಿ ಶರ್ಟಿನ ಒಂದೊಂದು ಭಾಗ ಒಬ್ಬೊಬ್ಬರ ಕೈಯಲ್ಲಿ ಆಗುತ್ತದೆ. ದಿನವಿಡೀ ಕಾಲರ್ ಕೂಡಿಸುವ ಕೈ ಬಟ್ಟೆಯನ್ನು ಎಳೆಯುವುದೇ ಇಲ್ಲ, ಬರೀ ದಾರಿ ತೋರಿಸುತ್ತದೆ. ಬರೆದು ಹೇಳುವುದಕ್ಕಿಂತ ಅದನ್ನು ಕಣ್ಣಲ್ಲಿ ನೋಡುವುದು ಮೇಲು.

ಹಂತ 9: ತೋಳು, ಪಕ್ಕ, ಕೆಳಅಂಚು

ಪಕ್ಕ ಹೊಲಿಯುವ ಮೊದಲೇ ತೋಳು ಕೂಡಿಸಿ. ಶರ್ಟನ್ನು ಚಪ್ಪಟೆಯಾಗಿ ಹರಡಿ, ತೋಳಿನ ತುದಿಯ ಮಧ್ಯವನ್ನು ಭುಜದ ಹೊಲಿಗೆಗೆ ಇಟ್ಟು ಹೊಲಿಯುವುದು ಸುಲಭ. ಮಕ್ಕಳ ಚಿಕ್ಕ ಆರ್ಮ್‌ಹೋಲಿನ ಒಳಗೆ ತೋಳನ್ನು ಸುತ್ತಿ ಕೂಡಿಸುವ ಕಷ್ಟ ಬೇಡ. ಆಮೇಲೆ ತೋಳಿನ ಬಾಯಿಂದ ಶುರು ಮಾಡಿ ಕಂಕುಳು ದಾಟಿ ಕೆಳಗಿನವರೆಗೆ ಒಂದೇ ಹೊಲಿಗೆ. ಅಂಚುಗಳಿಗೆ ಓವರ್‌ಲಾಕ್, ಅಂದರೆ ನೂಲು ಬಿಡದ ಹಾಗೆ ಅಂಚು ಸುತ್ತುವ ಹೊಲಿಗೆ, ಮಾಡಿಸಿ. ತೋಳಿನ ಬಾಯಿ, ಕೆಳಅಂಚು ಎರಡೆರಡು ಸಲ ಮಡಿಸಿ ಹೊಲಿಯಿರಿ.

ಹಂತ 10: ಕಾಜ, ಗುಂಡಿ

ಗಂಡುಮಕ್ಕಳ ಶರ್ಟಿಗೆ ತೊಟ್ಟವರ ಎಡಗಡೆ ಕಾಜ, ಬಲಗಡೆ ಗುಂಡಿ. ಹೆಣ್ಣುಮಕ್ಕಳದ್ದು ಇದಕ್ಕೆ ತಿರುಗುಮುರುಗು. ಕಾಲರ್ ಪಟ್ಟಿಯ ಮೇಲೆ ಒಂದು, ಅದು ಅಡ್ಡಕ್ಕೆ. ಕೆಳಗೆ ಐದು, ಉದ್ದಕ್ಕೆ: ಮೊದಲನೆಯದು ಪಟ್ಟಿಯಿಂದ 2 ಇಂಚು ಕೆಳಗೆ, ಮುಂದಿನವು 2½ ಇಂಚಿಗೆ ಒಂದೊಂದು. ಎಲ್ಲವೂ ನಡುಗೆರೆಯ ಮೇಲೇ.

ಕೈಯಲ್ಲಿ ಕಾಜ ಹೊಲಿಯಲು ಬಾರದಿದ್ದರೆ ಓವರ್‌ಲಾಕ್, ಕಾಜ ಮಾಡಿಕೊಡುವ ಅಂಗಡಿಗೆ ಕೊಡಿ. ಗುಂಡಿ ಒಂದನ್ನು ಜೊತೆಗೆ ಒಯ್ಯಿರಿ, ಗುಂಡಿ ನೋಡದೆ ಹಾಕಿದ ಕಾಜ ಸಾಮಾನ್ಯವಾಗಿ ದೊಡ್ಡದಾಗುತ್ತದೆ. ಚಾಕ್‌ನಲ್ಲಿ ಗುರುತನ್ನು ನೀವೇ ಹಾಕಿಕೊಂಡು ಹೋಗಿ.

ಗುಂಡಿ ಮಾತ್ರ ಮನೆಯಲ್ಲೇ ಹೊಲಿಯಿರಿ. ಕಾಜ ಹಾಕಿಸಿ ತಂದ ಮೇಲೆ ಮಗುವಿಗೆ ಶರ್ಟ್ ತೊಡಿಸಿ, ಎರಡೂ ಪಟ್ಟಿ ಒಂದರ ಮೇಲೊಂದು ಇಟ್ಟು, ಕಾಜದ ತೂತಿನ ಮೂಲಕವೇ ಪೆನ್ಸಿಲ್ ಚುಕ್ಕೆ ಇಡಿ. ಕತ್ತಿನ ಗುಂಡಿಯ ಚುಕ್ಕೆ ಇಡುವಾಗ ಮಗುವಿಗೆ ತಲೆ ಬಗ್ಗಿಸಲು ಹೇಳಿ, ಆಗಲೂ ನಿಮ್ಮ ಬೆರಳು ಕಾಲರ್ ಒಳಗೆ ಹೋಗುವಂತಿದ್ದರೆ ಆ ಚುಕ್ಕೆಯ ಮೇಲೇ ಗುಂಡಿ ಹೊಲಿದುಬಿಡಿ.